ನಮ್ಮೂರ ಕೇಸು ಪ್ಯಾರಿಸ್‌ಗೆ ಹೋಗಿತ್ತು!

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಸೆಪ್ಟೆಂಬರ್ 17ಕ್ಕೆ ಬಾವುಟ ಹಾರಿಸ್ತೀವಲ್ಲ, 1948ರಲ್ಲಿ ಅದರ ಹಿಂದಿನ ದಿನ ನಮ್ಮ ವಿಷಯ ಪ್ಯಾರಿಸ್‌ನಲ್ಲಿ ಚರ್ಚೆಯಾಗ್ತಿತ್ತು ಅಂದ್ರೆ ನಂಬ್ತೀರಾ?

ಈ ಊರುಗಳೆಲ್ಲ ಆಗ ನಿಜಾಮನ ಆಳ್ವಿಕೆಯಲ್ಲಿದ್ದವು. ಭಾರತದ ವಿರುದ್ಧ ಹೈದರಾಬಾದ್ ಸರ್ಕಾರ ಆಗಸ್ಟ್‌ನಲ್ಲೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು. ಸನ್ನದಿನ 35(2)ನೇ ವಿಧಿ ಪ್ರಕಾರ, ಸದಸ್ಯನಲ್ಲದ ರಾಷ್ಟ್ರವೂ ದೂರು ಕೊಡಬಹುದು. ಗಂಟು ಇರೋದು ಇಲ್ಲೇ: ಹೈದರಾಬಾದ್ ರಾಷ್ಟ್ರವೇ? ಅಲ್ಲ ಅಂತ ಭಾರತದ ಪರ ವಾದಿಸಿದವರು ರಾಮಸ್ವಾಮಿ ಮುದಲಿಯಾರ್. ತಮಾಷೆ ನೋಡಿ, ಅವರು ಆಗ ಮೈಸೂರಿನ ದಿವಾನರು! ಮರುದಿನವೇ ನಿಜಾಮ ಶರಣಾದ. 22ರಂದು ದೂರನ್ನೂ ವಾಪಸ್ ಪಡೆದ.

ಪ್ರೊಫೆಸರ್‌ಗಳು ಮಾತ್ರ ಬಿಡಲಿಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಲೈಡ್ ಈಗಲ್‌ಟನ್ ಅಂತರರಾಷ್ಟ್ರೀಯ ಕಾನೂನು ಪಾಠ ಮಾಡ್ತಿದ್ದವರು. 1928ರಲ್ಲೇ ರಾಷ್ಟ್ರಗಳ ಹೊಣೆಗಾರಿಕೆ ಬಗ್ಗೆ ಪುಸ್ತಕ ಬರೆದಿದ್ದರು. 1950ರಲ್ಲಿ ಅಮೆರಿಕನ್ ಜರ್ನಲ್ ಆಫ್ ಇಂಟರ್‌ನ್ಯಾಷನಲ್ ಲಾದಲ್ಲಿ ಈ ಕೇಸನ್ನೇ ಹಿಡಿದು ಉದ್ದ ಲೇಖನ ಬರೆದರು.

ನನಗೆ ಕಾಡೋದು ಬೇರೆ. ರಜಾಕಾರರಿಗೆ ಹೆದರಿ ಊರು ಬಿಟ್ಟವರನ್ನಾಗಲಿ, ಆಮೇಲಿನ ಹಿಂಸೆಯಲ್ಲಿ ನಲುಗಿದ ಮುಸ್ಲಿಂ ಕುಟುಂಬಗಳನ್ನಾಗಲಿ ಮಂಡಳಿ ಸಾಕ್ಷಿಗೆ ಕರೆಯಲಿಲ್ಲ. ಸುಂದರಲಾಲ್ ಸಮಿತಿ ಪ್ರಕಾರ ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಗುಲ್ಬರ್ಗವೂ ಒಂದು. ದೂರಿನ ಕಡತ ಮಾತ್ರ ಮಂಡಳಿಯ ಪಟ್ಟಿಯಲ್ಲಿ ದಶಕಗಳ ಕಾಲ ಹಾಗೇ ಉಳಿದಿತ್ತು.