ಉತ್ತರ ಕೊಡೋದು ಎಲ್ಲಿ ಸಾರ್?

ಕನ್ನಡ ವಿಕಿಪೀಡಿಯದ ಸಂಪಾದಕರು ಕೂಡಿ ಮಾತಾಡುವ ಪುಟದ ಹೆಸರು ಅರಳಿ ಕಟ್ಟೆ. ಹೆಸರೇನೋ ಸೊಗಸಾಗಿದೆ, ಆದರೆ ಆ ಕಟ್ಟೆ ಹತ್ತುವುದು ಬಹುಕಾಲ ಸಲೀಸಾಗಿರಲಿಲ್ಲ. ಸಂಪಾದನೋತ್ಸವಗಳಲ್ಲಿ ಹೊಸಬರ ಪಕ್ಕ ಕೂತಾಗಲೆಲ್ಲ ನಾನು ಕೇಳಿಸಿಕೊಂಡ ಪ್ರಶ್ನೆ ಒಂದೇ: “ಇವರಿಗೆ ಉತ್ತರ ಕೊಡೋದು ಎಲ್ಲಿ ಸಾರ್?” ಅದಕ್ಕೊಂದು ಗುಂಡಿ ಇರಲಿಲ್ಲ. ಲೇಖನ ತಿದ್ದುವ ಹಾಗೆಯೇ ಚರ್ಚಾಪುಟವನ್ನೂ ತೆರೆದು, ಹಿಂದಿನವರು ಸಾಲಿನ ಮೊದಲು ಒಂದು ಕೋಲನ್ ಹಾಕಿದ್ದರೆ ನಾವು ಎರಡು ಹಾಕಿ, ಹೇಳಬೇಕಾದದ್ದು ಬರೆದು, ಕೊನೆಗೆ ಎಸ್ಕೇಪ್ ಕೀಲಿಯ ಕೆಳಗಿರುವ ಟಿಲ್ಡೆಯನ್ನು ಶಿಫ್ಟ್ ಹಿಡಿದು ನಾಲ್ಕು ಸಲ ಒತ್ತಬೇಕಿತ್ತು. ಆಗ ಹೆಸರು, ಸಮಯ ಎರಡೂ ಬೀಳುತ್ತಿದ್ದವು. ಮೂರೇ ಒತ್ತಿದರೆ ಹೆಸರು ಮಾತ್ರ, ಐದಾದರೆ ಸಮಯ ಮಾತ್ರ. ನಿವೃತ್ತ ಮೇಷ್ಟ್ರೊಬ್ಬರು “ಇದು ಮಾತಾಡೋದಲ್ಲಪ್ಪ, ಮಂತ್ರ ಹಾಕೋದು” ಎಂದು ನಕ್ಕಿದ್ದರು.

ಇಂಗ್ಲಿಷ್ ವಿಕಿಪೀಡಿಯ ಶುರುವಾದದ್ದು 2001ರ ಜನವರಿ 15ರಂದು, ಕನ್ನಡದ್ದು 2003ರಲ್ಲಿ. ದೂರುಗಳೂ ಅಷ್ಟೇ ಹಳೆಯವು. ಈ ತಾಣಗಳನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ ಅವನ್ನು ಕೇಳಿಸಿಕೊಂಡ ಬಗೆ ಮಾತ್ರ ವಿಚಿತ್ರ: ಉತ್ತರಿಸುವ ಗುಂಡಿಗಿಂತ ಮೊದಲು ಬೇರೆ ಸಲಕರಣೆಗಳು ಬಂದವು.

2010ರಲ್ಲಿ ಇಂಗ್ಲಿಷಿನ ಕೆಲವು ಲೇಖನಗಳ ಬುಡದಲ್ಲಿ ಓದುಗರು ನಕ್ಷತ್ರ ಕೊಡುವ ಪೆಟ್ಟಿಗೆ ಬಂತು. ಆಮೇಲೆ ಅದು ಅಭಿಪ್ರಾಯ ಬರೆಯುವ ಪೆಟ್ಟಿಗೆಯಾಯಿತು. ಬಂದದ್ದರಲ್ಲಿ ಕಾಳಿಗಿಂತ ಜೊಳ್ಳೇ ಹೆಚ್ಚು, ಅದನ್ನು ಕೇರುವ ಕೆಲಸ ಬಿಟ್ಟಿ ದುಡಿಯುವ ಸಂಪಾದಕರದ್ದು. ಅವರು ಬೇಡವೆಂದರು, 2014ರಲ್ಲಿ ಪೆಟ್ಟಿಗೆ ಮುಚ್ಚಿತು.

ಹೆಚ್ಚು ಗದ್ದಲವಾದದ್ದು 2013ರ ಜುಲೈಯಲ್ಲಿ, ವಿಷುಯಲ್ ಎಡಿಟರ್ ಬಂದಾಗ. ಸಂಕೇತಗಳನ್ನು ಕಲಿಯದೆಯೇ ವರ್ಡ್ ಕಡತದಂತೆ ತಿದ್ದಬಹುದು ಎಂಬುದು ಭರವಸೆ. ಆದರೆ ಹಳಬರು ಅಭ್ಯಾಸಬಲದಿಂದ ಚೌಕ ಆವರಣ ಹಾಕಿದರೆ ಅದು ಕೊಂಡಿಯಾಗದೆ ‘ನೋವಿಕಿ’ ಎಂಬ ಗುರುತಿನೊಳಗೆ ಸಿಕ್ಕಿಬೀಳುತ್ತಿತ್ತು. ಕೆಲವೊಮ್ಮೆ ಲೇಖನದ ನಡುವೆ ಚದುರಂಗದ ಪ್ಯಾದೆಯ ಚಿಹ್ನೆ ತಾನಾಗಿ ಬಂದು ಕೂರುತ್ತಿತ್ತು! ಸೆಪ್ಟೆಂಬರಿನಲ್ಲಿ ಸ್ವಯಂಸೇವಕ ನಿರ್ವಾಹಕರೊಬ್ಬರು ತಾಣದ ಸಂಕೇತವನ್ನೇ ಬದಲಿಸಿ, ಬೇಕೆಂದವರಿಗೆ ಮಾತ್ರ ಅದು ಸಿಗುವಂತೆ ಮಾಡಿದರು. ನ್ಯಾಯವಾಗಿ ಹೇಳಬೇಕೆಂದರೆ, ಆ ಸಲಕರಣೆ ಆಮೇಲೆ ಬಹಳ ಸುಧಾರಿಸಿತು. ಕೋಷ್ಟಕ ತಿದ್ದಲು ಈಗ ನಾನು ಅದನ್ನೇ ಬಳಸುವುದು.

ಮರುವರ್ಷದ ಜಗಳ ಜರ್ಮನ್ ವಿಕಿಪೀಡಿಯದ್ದು. ಚಿತ್ರ ತೋರಿಸುವ ಹೊಸ ಸಲಕರಣೆಯನ್ನು ಅಲ್ಲಿನವರು ತಾಣದ ಸಂಕೇತವಿರುವ ಪುಟ ತಿದ್ದಿ ನಿಲ್ಲಿಸಿದರು. ನಿರ್ವಾಹಕರೂ ಮುಟ್ಟದಂತೆ ಪ್ರತಿಷ್ಠಾನ ಆ ಪುಟಕ್ಕೆ ‘ಸೂಪರ್‌ಪ್ರೊಟೆಕ್ಟ್’ ಎಂಬ ಬೀಗ ಜಡಿಯಿತು. ಬೀಗ ತೆಗೆದದ್ದು 2015ರ ನವೆಂಬರಿನಲ್ಲಿ.

ಇಷ್ಟೆಲ್ಲದರ ನಡುವೆ ಮೇಷ್ಟ್ರ ತೊಂದರೆ ಹಾಗೇ ಉಳಿದಿತ್ತು. ಹಳೆಯ ಚರ್ಚಾಪುಟವನ್ನೇ ಕಿತ್ತು ‘ಫ್ಲೋ’ ಎಂಬ ಬೇರೊಂದನ್ನು ಕೂರಿಸಲು ನೋಡಿದರು, ಇಂಗ್ಲಿಷಿನವರು ಒಪ್ಪಲಿಲ್ಲ. ಕೊನೆಗೆ 2019ರಲ್ಲಿ ಪ್ರತಿಷ್ಠಾನ ಹಲವು ಭಾಷೆಗಳ ಸಂಪಾದಕರನ್ನು ಕೂಡಿಸಿ, ನಿಮಗೇನು ಬೇಕು ಎಂದು ವಿಚಾರಿಸಿತು. ಪುಟ ಹಾಗೇ ಇರಲಿ, ಉತ್ತರಿಸುವುದು ಸುಲಭವಾಗಲಿ ಎಂಬುದು ಅಲ್ಲಿ ಸಿಕ್ಕ ಉತ್ತರ. 2022ರ ಹೊತ್ತಿಗೆ ಬಹುತೇಕ ವಿಕಿಗಳಲ್ಲಿ ಪ್ರತಿ ಮಾತಿನ ಕೊನೆಗೂ ಉತ್ತರಿಸುವ ಕೊಂಡಿ ಬಂತು, ಸಹಿ ತಾನೇ ಬೀಳತೊಡಗಿತು. ನಕ್ಷತ್ರದ ಪೆಟ್ಟಿಗೆ ಕಟ್ಟುವ ಮೊದಲೇ ಇದನ್ನು ವಿಚಾರಿಸಬಹುದಿತ್ತು ಎಂಬುದೇ ನನ್ನ ತಕರಾರು.