ಹತ್ತಿ ಹೊಲ, ಕೀಟನಾಶಕ ಕಾಯ್ದೆ ಮತ್ತು ಜೇನು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಎರೆಹೊಲಗಳಲ್ಲಿ ಕೀಟನಾಶಕದ ಚರಿತ್ರೆ ಬಹುಮಟ್ಟಿಗೆ ಹತ್ತಿಯ ಚರಿತ್ರೆಯೇ. ಮಳೆಯನ್ನೇ ನಂಬಿದ ಜವಾರಿ ಹತ್ತಿಗೆ ಔಷಧಿ ಹೊಡೆಯುವ ರೂಢಿ ಕಡಿಮೆ. 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಡಿಸಿಎಚ್-32 ಎಂಬ ಹೈಬ್ರಿಡ್ ತಳಿಗಳು ಧಾರವಾಡದಿಂದ ಬಂದವು. ಎಳೆ ಉದ್ದ, ಇಳುವರಿ ಹೆಚ್ಚು. ಆದರೆ ಬಹುಕಾಲ ಹೊಲದಲ್ಲಿ ನಿಲ್ಲುವ ಈ ಬೆಳೆಗೆ ರಸ ಹೀರುವ ಕೀಟಗಳೂ ಕಾಯಿಕೊರಕವೂ ಮುತ್ತಿದವು. ಬೆನ್ನಿಗೆ ಕಟ್ಟುವ ಪಂಪು ಒಕ್ಕಲುತನದ ಸಾಮಾನುಗಳಲ್ಲಿ ಒಂದಾಯಿತು.

ಇದೇ ಹೊಲಗಳ ಹೂಗಳಿಗೆ ಹೆಜ್ಜೇನು, ಕೋಲುಜೇನು ಬರುತ್ತವೆ. ಜೇನು ಸುಳಿಯದಿದ್ದರೆ ಸೂರ್ಯಕಾಂತಿ ತೆನೆಯಲ್ಲಿ ಜೊಳ್ಳು ಹೆಚ್ಚುತ್ತದೆ. ಉಳ್ಳಾಗಡ್ಡಿ ಬೀಜವೂ ಸರಿಯಾಗಿ ಕಟ್ಟುವುದಿಲ್ಲ.

ಆದರೆ ಕೀಟನಾಶಕದ ಕಾನೂನು ಹುಟ್ಟಿದ್ದು ಜೇನಿನ ಕಾಳಜಿಯಿಂದಲ್ಲ, ಮನುಷ್ಯರ ಸಾವಿನಿಂದ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಆಹಾರ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಅದರ ವಿಚಾರಣೆಯ ಬೆನ್ನಿಗೆ 1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳು ಬಂದವು. ನೋಂದಣಿಯಿಲ್ಲದೆ ಔಷಧಿ ತಯಾರಿಸುವಂತಿಲ್ಲ, ಪರವಾನಗಿ ಇಲ್ಲದೆ ಮಾರುವಂತಿಲ್ಲ. ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ತ್ರಿಕೋನ ಇರಲೇಬೇಕು. ಒಳಗಿನ ಚೀಟಿ ಪ್ರಾದೇಶಿಕ ಭಾಷೆಯಲ್ಲೂ ಇರಬೇಕು.

ಈ ಬಣ್ಣಗಳಿಗೆ ಒಂದು ಮಿತಿಯಿದೆ. ಪ್ರಯೋಗದ ಪ್ರಾಣಿಗಳಿಗೆ ಎಷ್ಟು ಪ್ರಮಾಣದ ವಿಷ ಮಾರಕ ಎಂಬುದರ ಮೇಲೆ ಅವು ನಿಂತಿವೆ, ಜೇನಿನ ಮೇಲಿನ ಪರಿಣಾಮದ ಮೇಲಲ್ಲ. ಆದ್ದರಿಂದ ಹಸಿರು ತ್ರಿಕೋನವಿದ್ದ ಮಾತ್ರಕ್ಕೆ ಔಷಧಿ ಜೇನಿಗೆ ನಿರಪಾಯವೆನ್ನಲಾಗದು.

ನಿಷೇಧಗಳು ಒಂದೊಂದಾಗಿ ಬಂದವು. ಕಾಸರಗೋಡಿನ ಗೇರುತೋಟಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ಜನ ನರಳಿದರು. ಅದನ್ನು 2011ರ ಫೆಬ್ರುವರಿಯಲ್ಲಿ ಕರ್ನಾಟಕ ನಿಷೇಧಿಸಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆಯಿತು. 2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿಯಿಂದ ಕಾಯಿಕೊರಕದ ಔಷಧಿ ಮೊದಮೊದಲು ತಗ್ಗಿತು, ಆದರೆ ರಸ ಹೀರುವ ಕೀಟಗಳಿಗೆ ಇಮಿಡಾಕ್ಲೋಪ್ರಿಡ್‌ನಂಥವು ಬಳಕೆಯಲ್ಲಿ ಉಳಿದವು. ಜೇನಿನ ಕಾರಣಕ್ಕಾಗಿಯೇ ಯುರೋಪಿಯನ್ ಒಕ್ಕೂಟ 2018ರಲ್ಲಿ ಇಮಿಡಾಕ್ಲೋಪ್ರಿಡ್‌ನ ಬಯಲು ಬಳಕೆಯನ್ನು ನಿಲ್ಲಿಸಿತು.

ಕಾಯ್ದೆ ಹಿಡಿತದಲ್ಲಿಡುವುದು ತಯಾರಿಕೆಯನ್ನೂ ಮಾರಾಟವನ್ನೂ. ಹೂಬಿಟ್ಟ ಹೊಲಕ್ಕೆ ಎಷ್ಟು ಹೊತ್ತಿಗೆ ಹೊಡೆಯಬೇಕೆಂಬುದು ತೀರ್ಮಾನವಾಗುವುದು ಮನೆಯಲ್ಲಿ. ಶಾಲೆಯ ಪಾತ್ರ ಇರುವುದು ಇಲ್ಲಿಯೇ. ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. 2001ರ ರಾಷ್ಟ್ರೀಯ ಹಸಿರು ಪಡೆ ಯೋಜನೆಯಿಂದ ಶಾಲೆಗಳಲ್ಲಿ ಇಕೋ ಕ್ಲಬ್‌ಗಳು ಆರಂಭವಾದವು. ಹತ್ತಿ ಸೀಮೆಯ ಮಕ್ಕಳಿಗೆ ಹೇಳಿಕೊಡಬೇಕಾದ ಪಾಠ ಸಣ್ಣದು. ತ್ರಿಕೋನದ ಅರ್ಥ ತಿಳಿಯುವುದು, ಚೀಟಿಯನ್ನು ಮನೆಯವರಿಗೆ ಓದಿ ಹೇಳುವುದು, ಖಾಲಿ ಡಬ್ಬಿಯನ್ನು ನೀರಿಗೆ ಬಳಸದಿರುವುದು, ಔಷಧಿ ಹೊಡೆಯುವ ಹೊಲದಿಂದ ದೂರವಿರುವುದು. ಇವುಗಳ ಜೊತೆಗೆ ಹೂವಿನ ಕಾಲದಲ್ಲಿ ಔಷಧಿ ಹೊಡೆಯಬಾರದು, ಹೊಡೆಯಲೇಬೇಕಾದರೆ ಜೇನು ಗೂಡು ಸೇರಿದ ಸಂಜೆಗೆ ಹೊಡೆಯಬೇಕು ಎಂಬ ತಿಳಿವಳಿಕೆ.