ಹಲಗೆಯ ಅಡಿಯ ಚಿತ್ರ

ಮುಂಬಯಿಯ ಲೋಕಲ್ ರೈಲಿನಲ್ಲಿ ನಿಂತು ಪ್ರಯಾಣ ಮಾಡುವವನಿಗೆ ಎದುರಿನವರ ಅಂಗಿ ಓದುವುದೇ ಒಂದು ವಾಚನಾಲಯ. ಕೆಲವು ವರ್ಷಗಳ ಹಿಂದೆ ಮಂಗಳೂರಿನಿಂದ ಬಂದಿದ್ದ ನಮ್ಮ ಭಾವ, ಒಬ್ಬ ಹುಡುಗನ ಟೀ ಶರ್ಟಿನ ಮೇಲೆ ಕೆಂಪು ವೃತ್ತದೊಳಗೆ 'ಸಾಂತಾ ಕ್ರೂಜ್' ಅಂತ ಬರೆದದ್ದನ್ನು ನೋಡಿ, "ಇಲ್ಲಿಯವರಿಗೆ ಒಂದು ಸ್ಟೇಷನ್ನಿನ ಮೇಲೆ ಇಷ್ಟೊಂದು ಅಭಿಮಾನವಾ ಮಾರಾಯ್ರೇ?" ಎಂದು ಕೇಳಿದ್ದರು. ಅದು ನಮ್ಮ ಪಶ್ಚಿಮ ರೈಲ್ವೆಯ ಸಾಂತಾಕ್ರೂಜ್ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್, ಅಲ್ಲಿ 1973ರಲ್ಲಿ ಹುಟ್ಟಿದ ಸ್ಕೇಟ್‌ಬೋರ್ಡ್ ಕಂಪನಿಯ ಗುರುತು. ಹಾಕಿಕೊಂಡ ಹುಡುಗನಿಗೂ ಅದು ಗೊತ್ತಿತ್ತೋ ಇಲ್ಲವೋ. ಫ್ಯಾಷನ್ ಸ್ಟ್ರೀಟಿನ ಗಾಡಿಯಲ್ಲಿ ಚೌಕಾಸಿ ಮಾಡಿ ಕೊಂಡವನು ಕಂಪನಿಯ ಚರಿತ್ರೆ ಕೇಳುವುದಿಲ್ಲ.

ನನಗೆ ಕುತೂಹಲ ಹತ್ತಿದ್ದು ಇಲ್ಲೇ. ನಮ್ಮ ದೇಶದಲ್ಲಿ ನಾಲ್ಕು ಗಾಲಿಯ ಆ ಹಲಗೆಯನ್ನು ಕಣ್ಣಾರೆ ಕಂಡವರು ಕಡಿಮೆ, ಅದರ ಚಿತ್ರ ಕಂಡವರು ಲಕ್ಷಾಂತರ. ವಸ್ತು ಬರುವ ಮೊದಲೇ ಅದರ ಚಿತ್ರ ಬಂದು ಮನೆ ಮಾಡಿಕೊಂಡದ್ದು ಹೇಗೆ?

ಅಮೆರಿಕದಲ್ಲೇ ಇದರ ಹಣೆಬರಹ ಶುರುವಿನಿಂದಲೂ ಹೀಗೇ. 1964ರಲ್ಲಿ ಹೋಬೀ ಎಂಬ ಸರ್ಫ್ ಹಲಗೆಯ ಕಂಪನಿಯ ಹೆಸರಿನಲ್ಲಿ ಸ್ಕೇಟ್‌ಬೋರ್ಡ್ ಮಾಡಿಸಿ ಮಾರಿದ್ದು ವೀಟಾ ಪ್ಯಾಕ್ಟ್ ಎಂಬ ಹಣ್ಣಿನ ರಸದ ಕಂಪನಿ. 1965ರ ಮೇ 14ರ 'ಲೈಫ್' ಪತ್ರಿಕೆಯ ಮುಖಪುಟದಲ್ಲಿ ಪ್ಯಾಟ್ ಮೆಗೀ ಎಂಬ ಯುವತಿ ಹಲಗೆಯ ಮೇಲೆ ಕೈಯೂರಿ ತಲೆಕೆಳಗಾಗಿ ನಿಂತಿದ್ದಾಳೆ. ಆಟಕ್ಕೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಕೇ? ಆದರೆ ಆ ವರ್ಷದ ಕೊನೆಗೇ ಆಟ ಮಕಾಡೆ ಬಿತ್ತು. ಗಾಲಿಗಳು ಜೇಡಿಮಣ್ಣಿನ ಮಿಶ್ರಣದವು. ಸಣ್ಣ ಕಲ್ಲು ಸಿಕ್ಕಿದರೂ ಗಾಲಿ ನಿಂತು ಹುಡುಗರು ಮುಂದಕ್ಕೆ ಹಾರುತ್ತಿದ್ದರು. ವೈದ್ಯರು ಎಚ್ಚರಿಸಿದರು, ಹಲವು ಊರುಗಳು ನಿಷೇಧ ಹಾಕಿದವು, ಮಾರಾಟಗಾರರ ಬಳಿ ಸರಕು ಹಾಗೇ ಉಳಿಯಿತು. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನ್ಯಾಸ್‌ವರ್ದಿ ಎಂಬಾತ ಯುರೆಥೇನ್ ಪ್ಲಾಸ್ಟಿಕ್ಕಿನ ಗಾಲಿ ತಂದ ಮೇಲೆಯೇ ಆಟ ಮತ್ತೆ ಎದ್ದು ಕೂತದ್ದು. ನಮ್ಮೂರಿನ ಮಕ್ಕಳು ಲಾರಿ ಗ್ಯಾರೇಜಿನವರು ಎಸೆದ ಬೇರಿಂಗ್ ಹಾಕಿ ಮಾಡುತ್ತಿದ್ದ ಗಾಡಿ ಇದಕ್ಕಿಂತ ಗಟ್ಟಿ. ಅದಕ್ಕೆ ಚಿತ್ರ ಮಾತ್ರ ಇರಲಿಲ್ಲ.

ಚಿತ್ರ ಎಂದೆನಲ್ಲ, ಅದು ಎಲ್ಲಿರುತ್ತದೆ ನೋಡಿ: ಹಲಗೆಯ ಅಡಿಯಲ್ಲಿ! ಮೇಲ್ಭಾಗಕ್ಕೆ ಕಾಲು ಜಾರದಂತೆ ಮರಳು ಕಾಗದ. ಹಾಗಾಗಿ ಆಡುವವನಿಗೆ ತನ್ನ ಹಲಗೆಯ ಚಿತ್ರ ಕಾಣುವುದಿಲ್ಲ; ಅವನು ಗಾಳಿಯಲ್ಲಿ ಹಾರಿದಾಗ ನಿಂತು ನೋಡುವವರಿಗೆ ಕಾಣುತ್ತದೆ, ಫೋಟೋದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಕಂಪನಿಗಳು ಇದನ್ನು ಬೇಗ ಅರಿತವು. 1978ರಲ್ಲಿ ಶುರುವಾದ ಪವೆಲ್ ಪೆರಾಲ್ಟಾ ಕಂಪನಿಗೆ ವರ್ನನ್ ಕೋರ್ಟ್‌ಲ್ಯಾಂಡ್ ಜಾನ್ಸನ್ ಎಂಬ ಕಲಾವಿದ ತಲೆಬುರುಡೆ, ಖಡ್ಗ, ಹಾವುಗಳನ್ನು ಬರೆದುಕೊಟ್ಟ. ಸಾಂತಾ ಕ್ರೂಜ್‌ಗೆ ಜಿಮ್ ಫಿಲಿಪ್ಸ್ 1985ರಲ್ಲಿ ಬರೆದದ್ದು ಕಿರುಚುವ ಕೈ: ತುಂಡಾದ ನೀಲಿ ಅಂಗೈ, ಮಧ್ಯದಲ್ಲಿ ಬಾಯಿ, ನಾಲಗೆ, ಹಲ್ಲು. ನಮ್ಮ ಅಜ್ಜಿಯಂದಿರು ಕಂಡಿದ್ದರೆ ದೃಷ್ಟಿ ನಿವಾಳಿಸುತ್ತಿದ್ದರು.

ಆಟಗಾರ ಕಟ್ಟೆಯ ಅಂಚಿನ ಮೇಲೆ, ಕಬ್ಬಿಣದ ಸರಳಿನ ಮೇಲೆ ಹಲಗೆಯನ್ನು ಜಾರಿಸಿದರೆ ಮೊದಲು ಉಜ್ಜಿಹೋಗುವುದು ಈ ಚಿತ್ರವೇ. ಅದನ್ನು ಉಳಿಸಲೆಂದು 1980ರ ದಶಕದಲ್ಲಿ ಹಲಗೆಯ ಅಡಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಿದ್ದರು, ಆದರೂ ಚೆನ್ನಾಗಿ ಆಡಿದವನ ಹಲಗೆಯಲ್ಲಿ ಚಿತ್ರ ಉಳಿಯುವುದಿಲ್ಲ. ಹಾಗಾದರೆ ಸಂಗ್ರಾಹಕನಿಗೆ ಬೇಕಾದದ್ದು ಯಾವುದು? ಯಾರೂ ಆಡದ್ದು. ಬ್ಯಾಂಕಿನಲ್ಲಿ ಕೂತವರಿಗೆ ಇದು ಹೊಸತಲ್ಲ. ನೋಟು ಸಂಗ್ರಹಿಸುವವರು ಮಡಿಕೆ ಬೀಳದ, ಯಾರ ಕೈಗೂ ಹೋಗದ ನೋಟು ಹುಡುಕಿಕೊಂಡು ಕೌಂಟರಿಗೆ ಬರುತ್ತಿದ್ದರು. ನೋಟಿನ ಕೆಲಸವೇ ಕೈ ಬದಲಾಗುವುದು. ಆ ಕೆಲಸ ಮಾಡದ ನೋಟಿಗೇ ಹೆಚ್ಚು ಬೆಲೆ.

ನಮ್ಮ ಮುಂಬಯಿ ಮನೆಗಳ ಕಡೆಗೂ ಒಮ್ಮೆ ನೋಡಬೇಕು. ಅಂಧೇರಿ, ಕಾಂದಿವಲಿ, ಡೊಂಬಿವಲಿಯ ಎಷ್ಟೋ ಕರಾವಳಿಯವರ ಫ್ಲ್ಯಾಟಿನ ಗೋಡೆಯಲ್ಲಿ ಯಕ್ಷಗಾನದ ಕಿರೀಟವೋ ಮುಖವೋ ತೂಗುತ್ತದೆ. ಯಾರ ತಲೆಗೂ ಏರದ, ಬೆವರು ಕಾಣದ ಕಿರೀಟ. ನನ್ನ ಮನೆಯಲ್ಲೂ ಒಂದಿದೆ, ಇಲ್ಲೇ ಹುಟ್ಟಿ ಬೆಳೆದ ನನ್ನ ಮಕ್ಕಳಿಗೆ ಆಟ ಎಂದರೆ ಬಹುಮಟ್ಟಿಗೆ ಅದೇ. ಇದನ್ನು ಹೇಳುವಾಗ ನನಗೆ ಸಂತೋಷವೇನಿಲ್ಲ. ಆದ್ದರಿಂದ ಟೀ ಶರ್ಟಿನ ಹುಡುಗನನ್ನು ನೋಡಿ ನಗುವುದಕ್ಕೆ ನಾನಂತೂ ಹೋಗುವುದಿಲ್ಲ.

ಸಿನಿಮಾ ಈ ಚಿತ್ರವನ್ನು ಎಷ್ಟು ದೂರ ಒಯ್ದಿತು ಎಂಬುದಕ್ಕೆ ವ್ಯಾನ್ಸ್ ಬೂಟಿನ ಕತೆಯೇ ಸಾಕು. 1966ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮಿನಲ್ಲಿ ಶುರುವಾದ ಅಂಗಡಿ, ಸ್ಕೇಟ್ ಹುಡುಗರ ನೆಚ್ಚಿನದು. 1982ರ 'ಫಾಸ್ಟ್ ಟೈಮ್ಸ್ ಅಟ್ ರಿಜ್‌ಮಾಂಟ್ ಹೈ' ಚಿತ್ರದಲ್ಲಿ ನಟ ಶಾನ್ ಪೆನ್ ಅದರ ಚದುರಂಗದ ಮಣೆಯಂಥ ಬೂಟು ಹಾಕಿಕೊಂಡ. ದೇಶಕ್ಕೆ ದೇಶವೇ ಆ ಬೂಟಿಗೆ ಮುಗಿಬಿತ್ತು. ಕಂಪನಿ ಆ ಹುಮ್ಮಸ್ಸಿನಲ್ಲಿ ಓಟಕ್ಕೆ, ಬಾಸ್ಕೆಟ್‌ಬಾಲಿಗೆ, ಕುಸ್ತಿಗೆ, ಕಂಡಕಂಡ ಆಟಕ್ಕೆಲ್ಲ ಬೂಟು ಹೊಲಿಯತೊಡಗಿತು. 1984ರಲ್ಲಿ ದಿವಾಳಿ ಅರ್ಜಿ ಹಾಕಿತು. ಎರಡೇ ವರ್ಷ! ಸಾಲದ ಅರ್ಜಿ ಓದಿ ಓದಿ ಕಣ್ಣು ಮಂಜಾದ ನನ್ನಂಥವನಿಗೆ ಇದು ಪರಿಚಿತ ಕಾಯಿಲೆ: ಹೆಸರು ಬಂದ ವರ್ಷದ ಮಾರಾಟವನ್ನೇ ಮುಂದಿನ ಎಲ್ಲ ವರ್ಷಗಳಿಗೂ ಹಿಡಿದು ಲೆಕ್ಕ ಹಾಕುವುದು. ಸ್ಥಾಪಕ ಪಾಲ್ ವ್ಯಾನ್ ಡೋರನ್ ಮತ್ತೆ ಬಂದು ಕೂತು, ಖರ್ಚು ಬಿಗಿಹಿಡಿದು ಸಾಲ ತೀರಿಸಿದ. ಅದು ಸಿನಿಮಾ ಆಗಲಿಲ್ಲ ಬಿಡಿ.

ಇನ್ನೂ ವಿಚಿತ್ರವಾದದ್ದು 1989ರ 'ಬ್ಯಾಕ್ ಟು ದಿ ಫ್ಯೂಚರ್' ಎರಡನೇ ಭಾಗ. ಅದರಲ್ಲಿ ಗಾಲಿಯೇ ಇಲ್ಲದೆ ನೆಲದಿಂದ ಮೇಲೆ ತೇಲುವ ಹಲಗೆ, ಅದರ ಮೇಲೆ ಮ್ಯಾಟೆಲ್ ಎಂಬ ಆಟಿಕೆ ಕಂಪನಿಯ ಹೆಸರು. ನಿರ್ದೇಶಕ ಜೆಮೆಕಿಸ್ ತಮಾಷೆಗೆ, ಇಂಥದ್ದು ನಿಜವಾಗಿ ಇದೆ, ತಂದೆತಾಯಂದಿರ ಸಂಘಗಳು ಮಾರಲು ಬಿಡುತ್ತಿಲ್ಲ ಎಂದುಬಿಟ್ಟ. ಜನ ನಂಬಿ ಕಂಪನಿಗೆ ಕೇಳಿಕೊಂಡು ಬಂದರು. 2012ರಲ್ಲಿ ಮ್ಯಾಟೆಲ್ ಅದನ್ನು ಮಾಡಿಯೂ ಮಾರಿತು. ತೇಲುವುದಿಲ್ಲ, ಕಪಾಟಿನಲ್ಲಿ ಇಡಬಹುದು.

ಒಳಗಿನವರು ಈ ವ್ಯಾಪಾರವನ್ನು ಗೇಲಿ ಮಾಡದೆ ಇರಲಿಲ್ಲ. ಮಾರ್ಕ್ ಗೊನ್ಸಾಲೆಸ್ ಎಂಬ ಆಟಗಾರ 'ವಿಷನ್', ಅಂದರೆ ದೃಷ್ಟಿ, ಎಂಬ ಕಂಪನಿಯನ್ನು ಬಿಟ್ಟು 1989ರಲ್ಲಿ ಹೊಸತು ಶುರುಮಾಡಿ ಅದಕ್ಕೆ ಇಟ್ಟ ಹೆಸರು 'ಬ್ಲೈಂಡ್', ಕುರುಡ. ನ್ಯೂಯಾರ್ಕಿನಲ್ಲಿ 1994ರಲ್ಲಿ ತೆರೆದ ಸುಪ್ರೀಮ್ ಎಂಬ ಅಂಗಡಿ 2000ದಲ್ಲಿ ಲೂಯಿ ವಿಟಾನ್‌ನ ಗುರುತು ಹೋಲುವ ಹಲಗೆ ಮಾಡಿ ವಕೀಲರ ಪತ್ರ ತರಿಸಿಕೊಂಡಿತು. 2017ರಲ್ಲಿ ಅದೇ ಲೂಯಿ ವಿಟಾನ್ ಜೊತೆ ಕೈಜೋಡಿಸಿ ಸರಕು ತಂದಿತು. ಆಮೇಲಿನದು ಲೆಕ್ಕದ ಪುಸ್ತಕದ ಮಾತು. 2020ರಲ್ಲಿ ವಿಎಫ್ ಎಂಬ ದೊಡ್ಡ ಕಂಪನಿ ಸುಪ್ರೀಮನ್ನು 210 ಕೋಟಿ ಡಾಲರಿಗೆ ಕೊಂಡಿತು, 2024ರಲ್ಲಿ 150 ಕೋಟಿಗೆ ಮಾರಿತು. ಕೊಂಡದ್ದು ರೇಬಾನ್ ಕನ್ನಡಕದವರು. ಗುರುತು ಎಂಬುದು ಸ್ಥಿರಾಸ್ತಿಯಲ್ಲ, ಅಡಮಾನಕ್ಕೆ ಕೇಳಿದರೆ ನಾನಂತೂ ಯೋಚಿಸುತ್ತಿದ್ದೆ.

ಆದರೆ ಹಲಗೆಗಳಿಗೆ ಬೆಲೆ ಇತ್ತು. 2019ರ ಜನವರಿಯಲ್ಲಿ ಸದಬೀಸ್ ಹರಾಜಿನಲ್ಲಿ ಸುಪ್ರೀಮಿನ 248 ಹಲಗೆಗಳ ಸಂಗ್ರಹ 8 ಲಕ್ಷ ಡಾಲರಿಗೆ ಹೋಯಿತು. ಕೊಂಡವನು ಕೆನಡಾದ 17 ವರ್ಷದ ಹುಡುಗ. 2021ರಲ್ಲಿ ಲಿಕ್ವಿಡ್ ಡೆತ್ ಎಂಬ ಕುಡಿಯುವ ನೀರಿನ ಕಂಪನಿ, ಪ್ರಸಿದ್ಧ ಆಟಗಾರ ಟೋನಿ ಹಾಕ್‌ನ ರಕ್ತ ಬೆರೆಸಿದ ಬಣ್ಣದಿಂದ 100 ಹಲಗೆಗಳಿಗೆ ಚಿತ್ರ ಬಳಿದು, ಒಂದಕ್ಕೆ 500 ಡಾಲರಿನಂತೆ ಮಾರಿತು. ನೀರು ಮಾರಲು ನೆತ್ತರು! ಇದೇ ಟೋನಿ ಹಾಕ್ 1999ರ ಜೂನ್ 27ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಲವು ಸಲ ಬಿದ್ದು ಎದ್ದು, ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ ಇಳಿದಿದ್ದ. ಸ್ಪರ್ಧೆಯೊಂದರಲ್ಲಿ ಅದನ್ನು ಸಾಧಿಸಿದ ಮೊದಲಿಗ. ಆ ದಿನ ಕಾಲಡಿ ಇದ್ದ ಹಲಗೆ 2025ರ ಹರಾಜಿನಲ್ಲಿ 11 ಲಕ್ಷ ಡಾಲರಿಗೂ ಹೆಚ್ಚು ತಂದಿತು. ಹೊಸ ಹಲಗೆಗಳ ಆ ಇಡೀ ರಾಶಿಗಿಂತ ಹೆಚ್ಚು ಬೆಲೆ ಬಂದದ್ದು ಬಳಸಿದ ಈ ಒಂದಕ್ಕೆ. ನನಗೆ ಒಳಗೊಳಗೇ ಖುಷಿಯಾಯಿತು.

ಇನ್ನು ನಮ್ಮ ದೇಶ. ಇಲ್ಲಿ ಚಿತ್ರದ ಹಿಂದೆ ವಸ್ತುವೂ ಬಂತು, ತಡವಾಗಿ. ಊರಿನವರಿಗೆ ಗೊತ್ತಿರಬಹುದು, 2013ರಲ್ಲಿ ಬೆಂಗಳೂರಿನಲ್ಲಿ 'ಹೋಲಿಸ್ಟೋಕ್ಡ್' ಎಂಬ ಹುಡುಗರ ಗುಂಪು ಲೆವೈಸ್ ಕಂಪನಿಯ ನೆರವಿನಿಂದ, ಹೊರದೇಶದ ಆಟಗಾರರನ್ನೂ ಸೇರಿಸಿಕೊಂಡು, ತಾವೇ ಕೈಯಾರೆ ಸಿಮೆಂಟು ಕಾಂಕ್ರೀಟು ಹಾಕಿ ಸ್ಕೇಟ್ ಮಾಡುವ ಅಂಗಣ ಕಟ್ಟಿತು. ಪ್ಯಾಂಟಿನ ಕಂಪನಿಗೆ ಅದು ಜಾಹೀರಾತೇ, ಚಿತ್ರೀಕರಣವೂ ನಡೆಯಿತು. ಆದರೂ ಜಾಹೀರಾತಿನ ದುಡ್ಡು ಕಾಂಕ್ರೀಟಾಗಿ ನೆಲದ ಮೇಲೆ ಕಾಣುವುದು ಅಪರೂಪ. ಬೆಂಗಳೂರು ಎಂದರೆ ಇನ್ನೂ ಲಾಲ್‌ಬಾಗಿನ ಗಾಜಿನ ಮನೆ ಎಂದುಕೊಂಡಿರುವ ಹೊರನಾಡಿನವರಾದ ನಮಗೆ ಆ ಸುದ್ದಿ ಓದಿದಾಗ ಒಂದು ಕ್ಷಣ ಬೇರೆ ಯಾವುದೋ ಊರಿನ ವರದಿ ಎನ್ನಿಸಿತ್ತು.

ರಾಜಸ್ಥಾನದ ಉದಯಪುರದ ಹತ್ತಿರ ಖೇಮ್‌ಪುರ ಎಂಬ ಹಳ್ಳಿ. ಮಂಜರಿ ಮಾಕಿಜಾನಿ ನಿರ್ದೇಶಿಸಿ 2021ರಲ್ಲಿ ಬಿಡುಗಡೆಯಾದ 'ಸ್ಕೇಟರ್ ಗರ್ಲ್' ಚಿತ್ರಕ್ಕಾಗಿ ಅಲ್ಲಿ ಸ್ಕೇಟ್ ಪಾರ್ಕ್ ಕಟ್ಟಿದರು. ಸಿನಿಮಾದವರ ಮನೆ, ದೇವಸ್ಥಾನ, ಕೋಟೆಗಳೆಲ್ಲ ಪ್ಲೈವುಡ್ಡು, ಪ್ಲಾಸ್ಟರು. ಚಿತ್ರೀಕರಣ ಮುಗಿದ ಸಂಜೆ ಲಾರಿ ಹತ್ತುತ್ತವೆ. ಇದನ್ನು ಮಾತ್ರ ನಿಜವಾದ ಕಾಂಕ್ರೀಟಿನಲ್ಲೇ ಕಟ್ಟಿದ್ದರು. ಚಿತ್ರತಂಡ ಹೊರಟುಹೋಯಿತು, ಪಾರ್ಕು ಹಳ್ಳಿಯ ಮಕ್ಕಳಿಗೆ ಉಳಿಯಿತು.